ಮುತ್ಯಾಲಮ್ಮನ ಹುಲ್ಲು ಕರು

ಮುತ್ಯಾಲಮ್ಮ ಕಿಡ್ನಿ ದಲ್ಲಾಳಿ ಎಂದು ನಾನು ಒಂದು ಇಡೀ ಬೇಸಿಗೆ ನಂಬಿಕೊಂಡಿದ್ದೆ. ನಾನೊಬ್ಬನೇ ಅಲ್ಲ, ನಮ್ಮ ಬೋಗಿಗೆ ಬೋಗಿಯೇ ನಂಬಿತ್ತು.

ಕೆಜಿಎಫ್ ಕಡೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಹತ್ತಿದವರಿಗೆ ಗೊತ್ತು, ಅದರಲ್ಲಿ ಸೀಟು ಸಿಗುವುದು ಕಷ್ಟ, ಅಭಿಪ್ರಾಯ ಸಿಗುವುದು ಸುಲಭ. ಗಣಿ ಮುಚ್ಚಿದ ಮೇಲೆ ಊರಿಗೆ ಊರೇ ಈ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತದೆ. ನಮ್ಮ ಬೋಗಿಯ ಅಧ್ಯಕ್ಷರು ಕುಪ್ಪುಸ್ವಾಮಿ. ಒಂದು ಕಾಲಕ್ಕೆ ಗಣಿಯ ಟೈಮ್ ಆಫೀಸಿನಲ್ಲಿದ್ದವರು, ಈಗ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಅವರನ್ನು ಯಾರೂ ಆರಿಸಿದ್ದಲ್ಲ. ಕಿಟಕಿ ಪಕ್ಕ ಕೂತವರಿಗೆ ಆ ಹುದ್ದೆ ತಾನಾಗಿ ಬರುತ್ತದೆ.

ಮುತ್ಯಾಲಮ್ಮ ಬಂಗಾರಪೇಟೆಯಲ್ಲಿ ಹತ್ತುತ್ತಿದ್ದರು. ಐವತ್ತು ದಾಟಿದ ಗಟ್ಟಿ ಹೆಂಗಸು. ಕೈಯಲ್ಲಿ ಸೊಪ್ಪಿನ ಚೀಲ, ಕಿವಿಯಲ್ಲಿ ಫೋನು. ಬಾಗಿಲ ಬಳಿ ನೆಲದ ಮೇಲೆ ಕಾಲು ಚಾಚಿ ಕೂತ ಕೂಡಲೇ ಮಾತು ಶುರು.

“ಮೀನಾ, ಲಿವರ್ರು ರಾತ್ರಿ ನಿದ್ದೆ ಮಾಡ್ತಾ? ಇಲ್ವಾ? ಅಂಗಾರೆ ಅದಕ್ಕೆ ಗಂಜಿ ಸಾಕು. ಕಿಡ್ನಿ ಇವತ್ತು ಓಯ್ತದೆ, ಏರ್‌ಪೋರ್ಟಿಗೆ ಗಾಡಿ ಯೋಳವ್ರಾ ಓನರು? ಬುಧವಾರ ಇನ್ನೊಂದು ಬತ್ತದಂತೆ. ಊಂ, ಅದೂ ಕಿಡ್ನೀನೇಯ. ಎಂಗಸು ಕಿಡ್ನಿ.”

ಕುಪ್ಪುಸ್ವಾಮಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ನನ್ನತ್ತ ಕಣ್ಣು ಮಾಡಿದರು. ಮಾಲೂರು ಬರುವಷ್ಟರಲ್ಲಿ ಪ್ರಕರಣ ಸಾಬೀತಾಗಿತ್ತು. ಬಡವರ ಕಿಡ್ನಿ ಕಿತ್ತು ಹೊರದೇಶಕ್ಕೆ ಸಾಗಿಸುವ ಜಾಲ; ಸೊಪ್ಪಿನ ಚೀಲ ಬರೀ ವೇಷ. ಮುಂದಿನ ವಾರ ಆಕೆ ನಮಗೆಲ್ಲ ಅರಬ್ ದೇಶದ ಡಬ್ಬಿಯಿಂದ ಖರ್ಜೂರ ಹಂಚಿದರು. ಕುಪ್ಪುಸ್ವಾಮಿ ತಮ್ಮ ಪಾಲನ್ನು ಸಾಕ್ಷಿಯೆಂದು ಜೇಬಿಗೆ ಹಾಕಿಕೊಂಡರು. ಟೇಕಲ್ ದಾಟುವುದರೊಳಗೆ ಸಾಕ್ಷಿಯನ್ನು ತಿಂದೂ ಬಿಟ್ಟರು.

ಕೊನೆಗೊಂದು ದಿನ ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ಪತ್ತೇದಾರನ ದನಿ ತೆಗೆದು, “ಏನಮ್ಮಾ, ಒಂದು ಕಿಡ್ನಿಗೆ ಏನ್ ಬೀಳುತ್ತೆ ಈಗ?” ಎಂದರು.

“ದಿನಕ್ಕೆ ಮೂರೂಟ, ಎಲ್ಡು ಕಾಫಿ, ಉಪ್ಪಿಲ್ದೆ,” ಎಂದರು ಮುತ್ಯಾಲಮ್ಮ. “ಯಾಕಣ್ಣ, ನಿಮ್ದೂ ಕೆಟ್ಟೈತಾ?”

ಆಕೆ ಅಡುಗೆಯವರು. ವೈಟ್‌ಫೀಲ್ಡಿನ ಒಂದು ದೊಡ್ಡ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ, ಹೊರದೇಶಗಳಿಂದ ಬರುವ ರೋಗಿಗಳು ಇಳಿದುಕೊಳ್ಳುವ ಮನೆಯಲ್ಲಿ ಕೆಲಸ; ಫೋನಿನ ಮೀನಾ ಅಲ್ಲಿಯ ರಾತ್ರಿ ಪಾಳಿಯವಳು. ತಮ್ಮ ದೇಶದಲ್ಲಿ ಇಲ್ಲದ ಔಷಧಿ, ಇಲ್ಲದ ಮಿಷನ್ನು, ಇಲ್ಲದ ಡಾಕ್ಟರನ್ನು ಹುಡುಕಿಕೊಂಡು ಆಫ್ರಿಕದಿಂದ, ಅರಬ್ ದೇಶಗಳಿಂದ, ನಡುಗಡ್ಡೆಗಳಿಂದ ಅಲ್ಲಿಗೆ ಜನ ಬರುತ್ತಿದ್ದರು. ಅಡುಗೆಗೆಂದು ಸೇರಿದ ಮುತ್ಯಾಲಮ್ಮ ಬರಬರುತ್ತ ಅವರಿಗೆ ತಲೆ ಬಾಚುವುದು, ವಾಂತಿ ಒರೆಸುವುದು, ರಟ್ಟೆ ಹಿಡಿದು ನಡೆಸುವುದು ಎಲ್ಲ ಮಾಡತೊಡಗಿದರು. ಅವರ ಹೆಸರುಗಳು ನಾಲಿಗೆಗೆ ಕೂರದ್ದರಿಂದ ಕೆಟ್ಟ ಅಂಗದ ಹೆಸರಿಟ್ಟು ಕರೆಯುತ್ತಿದ್ದರು. ಗುಣವಾಗಿ ಹೋದವರೆಲ್ಲ ಲಿವರ್ರು, ಆರ್ಟು, ಕಿಡ್ನಿಗಳಾಗಿಯೇ ಉಳಿದರು. ವಾಪಸು ಹೋಗದವರ ಹೆಸರು ಮಾತ್ರ ಅದು ಹೇಗೋ ಆಕೆಗೆ ಬಾಯಿಪಾಠವಾಗಿತ್ತು.

ಆ ಮನೆಯ ಯಜಮಾನ ಆದಿನಾರಾಯಣ. ನಮ್ಮ ಬಂಗಾರಪೇಟೆ ಕಡೆಯವರೇ, ಹಿಂದೆ ತಿರುಪತಿಗೆ ಟೂರ್ ಬಸ್ ಬಿಡುತ್ತಿದ್ದರು. ಈಗ ವಿಸಿಟಿಂಗ್ ಕಾರ್ಡಿನಲ್ಲಿ ಇಂಟರ್‌ನ್ಯಾಷನಲ್ ಪೇಷೆಂಟ್ ಡೈರೆಕ್ಟರ್ ಎಂದಿದೆ. ಕಟ್ಟಡದ ಹೆಸರು ‘ಶ್ರೀ ಆದಿ ಇಂಟರ್‌ನ್ಯಾಷನಲ್ ನಿವಾಸ’. ಒಳಗೆ ಹೋದರೆ ಗೋಡೆಯ ಮೇಲೆ ದೊಡ್ಡ ಹೋಟೆಲುಗಳಲ್ಲಿರುವಂತೆ ಸಾಲಾಗಿ ಗಡಿಯಾರಗಳು: ದುಬೈ, ನೈರೋಬಿ, ಲಂಡನ್, ಢಾಕಾ. ಬ್ಯಾಟರಿ ಮುಗಿದು ನೈರೋಬಿಯಲ್ಲಿ ಬಹಳ ದಿನದಿಂದ ಸಂಜೆಯೇ ಆಗಿತ್ತು. ನಾನು ಪತ್ರಿಕೆಗೆ ಆಗಾಗ ಬರೆಯುವವನೆಂದು ತಿಳಿದ ಮೇಲೆ ಆದಿನಾರಾಯಣ ಕಂಡಾಗಲೆಲ್ಲ, “ಸಾರ್, ನನ್ ಜರ್ನಿ ಬಗ್ಗೆ ಒಂದು ಬರೀರಿ. ಯಂಗ್‌ಸ್ಟರ್ಸ್‌ಗೆ ಉಪಯೋಗ ಆಗುತ್ತೆ,” ಎನ್ನುತ್ತಿದ್ದರು.

ಮುತ್ಯಾಲಮ್ಮನಿಗೆ ಅಂಥ ಜರ್ನಿ ಏನೂ ಇರಲಿಲ್ಲ. ಬೂದಿಕೋಟೆ ಕಡೆಯ ಹಳ್ಳಿ. ಬೆಳಗ್ಗೆ ಎದ್ದು ಎರಡು ಹಸು ಕರೆದು, ಡೇರಿಗೆ ಹಾಲು ಹಾಕಿ, ಬಸ್ಸು ಹಿಡಿದು ಬಂಗಾರಪೇಟೆ, ಅಲ್ಲಿಂದ ರೈಲು. ಗಂಡ ಮುನಿಸ್ವಾಮಪ್ಪ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ನೆಲದಡಿಯ ಕೆಲಸ ಮಾಡಿದವರು. ಗಣಿ ಮುಚ್ಚಿದಾಗ ಎಲ್ಲರಿಗೂ ಕೊಟ್ಟ ಹಾಗೆ ಅವರಿಗೂ ಏನೋ ಕೊಟ್ಟು ಕಳಿಸಿದರು. ಎದೆಯೊಳಗಿನ ಕಲ್ಲುಧೂಳನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಈಗ ಮನೆಯಿಂದ ಕೊಟ್ಟಿಗೆಗೆ ಹೋಗಬೇಕಾದರೆ ನಡುವೆ ಒಂದು ಕಡೆ ನಿಂತು ಉಸಿರು ಎಳೆದುಕೊಳ್ಳಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮುತ್ಯಾಲಮ್ಮನಿಗೆ ಒಂದು ಆಸೆ ಹುಟ್ಟಿತ್ತಂತೆ. ಅಲ್ಲಿ ಇಲ್ಲದ್ದಕ್ಕೆ ಅವರು ಇಲ್ಲಿಗೆ ಬರುವುದಾದರೆ, ಇಲ್ಲಿ ಇಲ್ಲದ್ದಕ್ಕೆ ನಾವೂ ಎಲ್ಲಿಗೋ ಹೋಗಬಹುದಲ್ಲ! ಗಂಡನ ಎಕ್ಸ್‌ರೇಯನ್ನು ಸೊಪ್ಪಿನ ಚೀಲದಲ್ಲಿ ತಂದು ಆಸ್ಪತ್ರೆಯ ಡಾಕ್ಟರೊಬ್ಬರ ಮುಂದೆ ಹಿಡಿದು ಕೇಳಿದರು.

“ಸಾ, ಇದಕ್ಕೆ ಯಾವ ದೇಸಕ್ಕೆ ಓಗ್ಬೇಕು?”

ಡಾಕ್ಟರು ಒಳ್ಳೆಯವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, “ಇದಕ್ಕೆ ಯಾವ ದೇಶದಲ್ಲೂ ಇಲ್ಲಮ್ಮ,” ಎಂದರು.

“ಅಂಗಾರೆ ಓಡಾಟ ತಪ್ತು ಬುಡಿ,” ಎಂದು ಮುತ್ಯಾಲಮ್ಮ ಎಕ್ಸ್‌ರೇ ಮಡಿಸಲು ಹೋದರಂತೆ. ಅದು ಮಡಿಸುವಂಥದ್ದಲ್ಲ ಎಂದು ಡಾಕ್ಟರೇ ಸುರುಳಿ ಸುತ್ತಿ ಕೊಟ್ಟರಂತೆ.

ಹೋದ ವರ್ಷ ಮುತ್ಯಾಲಮ್ಮನ ನಾಟಿ ಹಸುವಿನ ಕರು ಸತ್ತಿತು. ಸೀಮೆಹಸು ಕರುವಿಲ್ಲದೆಯೂ ಹಾಲು ಬಿಡುತ್ತದೆ; ನಾಟಿ ಹಸು ಬಿಡುವುದಿಲ್ಲ. ಕರು ಬಂದು ಕೆಚ್ಚಲಿಗೆ ಮೂತಿ ತಾಗಿಸಬೇಕು, ಅದನ್ನು ಹಸು ನೆಕ್ಕಬೇಕು, ಆಗ ಇಳಿಸುತ್ತದೆ. ಅಂಥ ಹೊತ್ತಿನಲ್ಲಿ ಹಳ್ಳಿಯವರು ಮಾಡುವುದನ್ನೇ ಮುತ್ಯಾಲಮ್ಮನೂ ಮಾಡಿದರು. ಸತ್ತ ಕರುವಿನ ಚರ್ಮವನ್ನು ಬಲ್ಲವರ ಕೈಲಿ ಬಿಡಿಸಿ, ಉಪ್ಪು ತಿಕ್ಕಿ ಒಣಗಿಸಿ, ಒಳಗೆ ರಾಗಿಹುಲ್ಲು ತುರುಕಿ, ಗೋಣಿದಾರದಲ್ಲಿ ಹೊಲಿದು, ಕಾಲಿಗೆ ಬಿದಿರುಕಡ್ಡಿ ಕೊಟ್ಟು ನಿಲ್ಲಿಸಿದರು. ಹುಲ್ಲು ಕರು. ಹೊತ್ತು ಹೊತ್ತಿಗೆ ಅದನ್ನು ತಂದು ಹಸುವಿನ ಮುಂದೆ ಇಡುವ ಕೆಲಸ ಮುನಿಸ್ವಾಮಪ್ಪನವರದು. ಅವರ ಎದೆಗೆ ಈಗ ಎತ್ತಲು ಆಗುವ ಕರು ಅದೊಂದೇ.

“ನೆಕ್ಕುತ್ತಾಮ್ಮಾ ಅದನ್ನ?” ಎಂದು ಕುಪ್ಪುಸ್ವಾಮಿ ಕೇಳಿದ್ದರು.

“ನೆಕ್ಕುತ್ತಣ್ಣ. ಆಲೂ ಬುಡ್ತದೆ.” ಪಕ್ಕದ ಮನೆಯವರು ತೆಗೆದ ವಿಡಿಯೊ ತೋರಿಸಿದರು. ಹಸು ಆ ಹುಲ್ಲಿನ ಕರುವಿನ ನೆತ್ತಿ, ಕಿವಿ, ಹೊಲಿಗೆ ಹಾಕಿದ ಹೊಟ್ಟೆ ಎಲ್ಲ ನೆಕ್ಕುತ್ತಿತ್ತು. ಹಿಂದೆ ಮುನಿಸ್ವಾಮಪ್ಪ ಕೆಮ್ಮುವುದು ಕೇಳುತ್ತಿತ್ತು. ಕುಪ್ಪುಸ್ವಾಮಿ ಫೋನನ್ನು ಬೇಗ ವಾಪಸು ಕೊಟ್ಟರು.

ಅದೇ ದಿನಗಳಲ್ಲಿ ನಿವಾಸಕ್ಕೆ ಜೈನಬ ಬಂದಳು. ಮೂವತ್ತರ ಆಸುಪಾಸಿನವಳು. ಜೊತೆಗೆ ತಮ್ಮ ಅಬ್ದು, ಉದ್ದಕ್ಕೆ ಬೆಳೆದ, ಮಾತು ಕಡಿಮೆಯ ಹುಡುಗ. ಅವರ ದೇಶ ಕೊಮೊರೊಸ್. ಭೂಪಟದಲ್ಲಿ ಆಫ್ರಿಕದ ಪಕ್ಕದ ಸಮುದ್ರದಲ್ಲಿ ನೊಣ ಕೂತು ಹೋದ ಗುರುತಿನಂತೆ ಕೆಲವು ಚುಕ್ಕೆಗಳಿವೆ, ಅದು. ಜೈನಬಳಿಗೆ ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್. ಕರೆಂಟ್ ಕೊಡಬೇಕು, ಅಂದರೆ ರೇಡಿಯೇಷನ್; ನಮ್ಮ ಕಡೆ ಎಲ್ಲರೂ ಕರೆಂಟ್ ಎಂದೇ ಹೇಳುವುದು. ಅವರ ದೇಶದಲ್ಲಿ ಆ ಮಿಷನ್ ಇಲ್ಲ. ವಿಮಾನದ ಮೇಲೆ ವಿಮಾನ ಬದಲಿಸಿ ಬಂದಿದ್ದರು. ಡಾಕ್ಟರು ಮೊದಲ ದಿನವೇ ಖಡಾಖಂಡಿತ ಹೇಳಿದ್ದರು: ವಾರದಲ್ಲಿ ಐದು ದಿನ, ಪೂರ್ತಿ ಮುಗಿಯುವವರೆಗೆ. ನಡುವೆ ಬಿಟ್ಟು ಹೋದರೆ ಕಾಯಿಲೆ ತಿರುಗಿ ಬರುತ್ತದೆ. ಬಂದರೆ ಮತ್ತೆ ಮಾಡುವಂಥದ್ದು ಏನೂ ಇರುವುದಿಲ್ಲ.

ಈ ರೋಗಿಗೆ ಅಂಗದ ಹೆಸರಿಡಲು ಮುತ್ಯಾಲಮ್ಮನಿಗೆ ನಾಚಿಕೆಯಾಯಿತು. ‘ಜೇನಮ್ಮ’ ಎಂದು ಕರೆದರು. ಇದು ಒಳ್ಳೆಯ ಲಕ್ಷಣವಲ್ಲ ಎಂದು ಆಕೆಗೇ ಒಳಗೊಳಗೆ ಅಳುಕಿತ್ತು.

ಮಾತಿಗೆ ಆದಿನಾರಾಯಣ ಒಂದು ವ್ಯವಸ್ಥೆ ಮಾಡಿದ್ದರು. ಫೋನಿನಲ್ಲಿ ಭಾಷಾಂತರದ ಆ್ಯಪ್. ಅಕ್ಕ ತಮ್ಮ ಇಬ್ಬರಿಗೂ ಫ್ರೆಂಚ್ ಬರುತ್ತಿತ್ತು. ಅವರು ಫ್ರೆಂಚಿನಲ್ಲಿ ಹೇಳಿದರೆ ಫೋನಿನೊಳಗಿಂದ ಒಬ್ಬಳು ಹೆಂಗಸು ಕನ್ನಡದಲ್ಲಿ ಹೇಳುತ್ತಿದ್ದಳು. ಎಂಥ ಕನ್ನಡ ಅಂದರೆ ರೇಡಿಯೊದಲ್ಲಿ ವಾರ್ತೆ ಓದುವ ಕನ್ನಡ. ಜೈನಬ ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡುವಾಗ ಫೋನು, “ನನಗೆ ತೀವ್ರವಾದ ವಾಕರಿಕೆ ಉಂಟಾಗುತ್ತಿದೆ,” ಎಂದು ಗಂಭೀರವಾಗಿ ಪ್ರಕಟಿಸುತ್ತಿತ್ತು. “ಇದೇನವ್ವ, ವಾಂತಿಗೂ ಮೈಕು ಕಟ್ಟವ್ರೆ,” ಎಂದು ಮುತ್ಯಾಲಮ್ಮ ಬಕೆಟ್ಟು ಹಿಡಿದು ಹಿಂದೆ ಓಡುವರು. ಆಕೆಯ ಕನ್ನಡವನ್ನು ಮಾತ್ರ ಆ ಫೋನಿನ ಹೆಂಗಸು ಒಂದು ದಿನವೂ ಕನ್ನಡವೆಂದು ಒಪ್ಪಲಿಲ್ಲ. “ಒಂದು ತುತ್ತು ಉಣ್ಣೆ ತಾಯಿ” ಎಂದರೆ, ದಯವಿಟ್ಟು ಮತ್ತೊಮ್ಮೆ ಹೇಳಿ ಎನ್ನುತ್ತಿದ್ದಳು.

ಜೈನಬಳಿಗೆ ಊರಲ್ಲಿ ಒಬ್ಬಳು ಮಗಳು, ನಸ್ರಾ. ಇನ್ನೂ ಶಾಲೆಗೆ ಹೋಗದ ಮಗು, ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಳು. ಅವರ ಹಳ್ಳಿಯಲ್ಲಿ ನೆಟ್ಟು ಕುಂಟು; ಮುಖ ನೋಡಿ ಮಾತಾಡುವಷ್ಟು ಬರುತ್ತಿರಲಿಲ್ಲ. ಅದಕ್ಕೆ ಸಂಜೆ ಹೊತ್ತು ಅಜ್ಜಿ ಮಗುವಿನ ಮಾತನ್ನು ರೆಕಾರ್ಡ್ ಮಾಡಿ ಅಬ್ದುವಿನ ಫೋನಿಗೆ ಕಳಿಸುತ್ತಿದ್ದಳು. ಜೈನಬ ಅಡುಗೆಮನೆಯ ಮಣೆಯ ಮೇಲೆ ಕೂತು ಅದನ್ನು ಕೇಳುವುದು, ಮುತ್ಯಾಲಮ್ಮ ಚಪಾತಿ ಲಟ್ಟಿಸುತ್ತ ಕೇಳುವುದು. ಮಾತು ಒಂದೂ ತಿಳಿಯದು. ಆದರೂ ಮಗುವಿಗೆ ಒಂದು ಮೇಕೆ ಇದೆ, ಅದು ಏನೋ ಕಿತಾಪತಿ ಮಾಡಿದೆ ಎಂದು ಮುತ್ಯಾಲಮ್ಮನಿಗೆ ಗೊತ್ತಾಯಿತು. ಏಕೆಂದರೆ ಮಗು ನಡುನಡುವೆ ಮೇಕೆಯ ಹಾಗೆ ಅರಚುತ್ತಿತ್ತು. ಅದನ್ನು ಕೇಳಿದ ದಿನ ಜೈನಬ ನಕ್ಕಿದ್ದು ಮುತ್ಯಾಲಮ್ಮ ಆ ಮನೆಯಲ್ಲಿ ಕಂಡ ದೊಡ್ಡ ನಗು. ಬಕ್ರೀದಿನ ವಾರ ಒಂದು ಸಂಜೆ ಮಗು ಬಿಕ್ಕಿ ಬಿಕ್ಕಿ ಅಳುವುದು ಬಂತು. ಮುತ್ಯಾಲಮ್ಮ ಏನೆಂದು ಕೈಸನ್ನೆ ಮಾಡಿದರು. ಜೈನಬ ಏನಿಲ್ಲ ಬಿಡು ಎನ್ನುವಂತೆ ತಲೆಯಾಡಿಸಿದಳು. ಮಕ್ಕಳು ಅಳುತ್ತವೆ ಎಂದುಕೊಂಡು ಮುತ್ಯಾಲಮ್ಮ ಚಪಾತಿ ತಿರುವಿದರು.

ಕರೆಂಟ್ ಅರ್ಧ ಮುಗಿದಿತ್ತು. ಒಂದು ಮಧ್ಯಾಹ್ನ ಜೈನಬ ಮಲಗಿದ್ದಾಗ ಅಬ್ದು ಅಡುಗೆಮನೆ ಬಾಗಿಲಿಗೆ ಬಂದು ನಿಂತ. ಬಾಗಿಲ ಎತ್ತರದ ಹುಡುಗ ಅವತ್ತು ಗಿಡ್ಡ ಕಂಡನಂತೆ. ಫೋನಿಗೆ ಏನೋ ಪಿಸುಗುಟ್ಟಿ ಮುತ್ಯಾಲಮ್ಮನ ಮುಂದೆ ಹಿಡಿದ.

“ಮಗು ಜ್ವರದಿಂದ ನಿಧನ ಹೊಂದಿದೆ,” ಎಂದಿತು ಫೋನು. “ಅಂತ್ಯಕ್ರಿಯೆಯು ಇಂದು ನೆರವೇರಿತು. ತಾಯಿಗೆ ತಿಳಿಸಬಾರದಾಗಿ ವಿನಂತಿ.”

ಮುತ್ಯಾಲಮ್ಮನಿಗೆ ನಿಧನ ಎಂಬ ಮಾತು ದೊಡ್ಡ ಮನುಷ್ಯರ ವಿಷಯದಲ್ಲಿ ಕೇಳಿ ಗೊತ್ತು. ಯಾವುದೋ ದೇಶದ ಮಂತ್ರಿ ಸತ್ತಿರಬೇಕು ಎಂದು ಒಂದು ಗಳಿಗೆ ಅಂದುಕೊಂಡರಂತೆ. ಆಮೇಲೆ ಹುಡುಗನ ಮುಖ ನೋಡಿದರು.

ಅವನು ಹೇಳಿದ್ದು ಇಷ್ಟು. ಅಕ್ಕನಿಗೆ ಗೊತ್ತಾದರೆ ಅವಳು ಈಗಲೇ ಊರಿಗೆ ಹೊರಡುತ್ತಾಳೆ, ಯಾರು ಹಿಡಿದರೂ ನಿಲ್ಲುವುದಿಲ್ಲ. ಹೋದರೆ ತಿರುಗಿ ಬರುವ ಶಕ್ತಿ ಇಲ್ಲ. ಮಗು ಹೋಯಿತು, ಅವಳಾದರೂ ಉಳಿಯಲಿ. ಆದರೆ ಸಂಜೆ ಮಗುವಿನ ದನಿ ಬರದಿದ್ದರೆ ಏನು ಹೇಳುವುದು?

ಮುತ್ಯಾಲಮ್ಮ ಒಲೆ ಆರಿಸಿದರು. ತಮಗೆ ತೋಚಿದ್ದನ್ನು ಫೋನಿಗೆ ಹೇಳಿ ನೋಡಿದರು. ಫೋನಿನ ಹೆಂಗಸು ಮತ್ತೊಮ್ಮೆ ಹೇಳಿ ಎಂದಳು. ಕೊನೆಗೆ ಮುತ್ಯಾಲಮ್ಮ ತಮ್ಮ ಫೋನು ತೆಗೆದು ಆ ಹಸುವಿನ ವಿಡಿಯೊ ಹಾಕಿ ಅವನ ಕೈಗೆ ಕೊಟ್ಟರು. ಹಸು ನೆಕ್ಕುವುದನ್ನು ಅವನು ನೋಡಿದ. ಹೊಲಿಗೆ ನೋಡಿದ. ಬಿದಿರಿನ ಕಾಲು ನೋಡಿದ. ಮುತ್ಯಾಲಮ್ಮ ಅವನ ಫೋನನ್ನು ಮುಟ್ಟಿ, ಕಿವಿಯನ್ನು ಮುಟ್ಟಿ, ಮೇಕೆಯ ಹಾಗೆ ಒಂದು ಸಲ ಮೆಲ್ಲಗೆ ಅರಚಿ ತೋರಿಸಿದರು. ಅದನ್ನು ಹಾಕು ತಮ್ಮಯ್ಯ, ಆ ಮೇಕೇದು.

ಅವನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟ. ಅವಳು ಅದನ್ನು ಆಗಲೇ ಕೇಳಿದ್ದಾಳೆ ಎಂದು ಫೋನಿನಲ್ಲಿ ಹೇಳಿಸಿದ. ಮುತ್ಯಾಲಮ್ಮ ವಿಡಿಯೊವನ್ನು ಇನ್ನೊಂದು ಸಲ ಹಾಕಿದರು. ಹಸು ದಿನಾ ಅದೇ ಕರುವನ್ನೇ ನೆಕ್ಕುತ್ತದೆ, ಹೊಸದು ಕೇಳುವುದಿಲ್ಲ.

ಅವತ್ತು ಸಂಜೆ ಅಬ್ದು ಅಕ್ಕನ ಕೈಗೆ ಫೋನು ಕೊಟ್ಟ. ಮುತ್ಯಾಲಮ್ಮ ಸಾರಿನ ಸೌಟು ಹಿಡಿದು ಬೆನ್ನು ಮಾಡಿ ನಿಂತಿದ್ದರು. ಕಿವಿ ಮಾತ್ರ ಹಿಂದಕ್ಕಿತ್ತು. ಮಗುವಿನ ದನಿ ಬಂತು. ಮೇಕೆ ಅರಚಿತು. ನಗು ಕೇಳಲಿಲ್ಲ. ಮುತ್ಯಾಲಮ್ಮ ತಿರುಗಿ ನೋಡಿದರು. ಜೈನಬ ಕಣ್ಣು ಮುಚ್ಚಿ ಫೋನನ್ನು ಕೆನ್ನೆಗೆ ಒತ್ತಿಕೊಂಡಿದ್ದಳು. ಇನ್ನೊಂದು ಸಲ ಎಂದು ಬೆರಳು ತೋರಿಸಿದಳು. 

ಕೇಳಿ ಮುಗಿದ ಮೇಲೆ ಯಾವತ್ತಿನಂತೆ ಮಗಳಿಗೆ ಉತ್ತರ ಹೇಳಿದಳು, ಮೆತ್ತಗೆ, ಬಹಳ ಹೊತ್ತು. ಅಬ್ದು ಅದನ್ನು ಊರಿಗೆ ಕಳಿಸಿದ. ಅಲ್ಲಿ ಅದನ್ನು ಕೇಳಲು ಅಜ್ಜಿಯೊಬ್ಬಳೇ ಇದ್ದಳು.

ಆಮೇಲೆ ಜೈನಬ ತಟ್ಟೆ ಮುಂದಕ್ಕೆ ತಳ್ಳಿ ಅನ್ನ ಕೇಳಿದಳು. ಮುತ್ಯಾಲಮ್ಮ ಎರಡು ಸೌಟು ಹೆಚ್ಚಿಗೆ ಬಡಿಸಿದರು.

ಮರುದಿನ ರೈಲಿನಲ್ಲಿ ಆಕೆ ಇದನ್ನು ಹೇಳಿದಾಗ ಬೋಗಿ ಎರಡಾಯಿತು. ಕುಪ್ಪುಸ್ವಾಮಿ ಅಧ್ಯಕ್ಷ ಪೀಠದಿಂದಲೇ ಖಂಡಿಸಿದರು.

“ಪಾವಂಮಾ, ಪಾಪ! ತಪ್ಪಲ್ವಾ ಇದು? ಹೆತ್ತ ತಾಯಿಗೆ ಸುಳ್ಳು ಹೇಳೋದಾ? ಮಗೂಗೆ ಒಂದು ಕಣ್ಣೀರು ಹಾಕೋ ಹಕ್ಕೂ ಇಲ್ವಾ ಆಯಮ್ಮಂಗೆ?”

“ಸುಳ್ಳೇಯ ಅಣ್ಣ. ಕರೆಂಟು ಮುಗೀಲಿ. ಆಮೇಲೆ ಕಣ್ಣೀರೂ ಆಕ್ಲಿ, ನಂಗೆ ಚಪ್ಪಲೀಲೂ ಆಕ್ಲಿ.”

“ಆದ್ರೂ ಒಂದು ಧರ್ಮ ಅಂತ...”

“ನಿಮ್ ಧರ್ಮಕ್ಕೆ ಕ್ಯಾನ್ಸರು ಬಂದಿಲ್ಲ, ಸುಮ್ಕಿರಿ.”

ಅಧ್ಯಕ್ಷರು ಸಭೆ ಬರಖಾಸ್ತು ಮಾಡಿದವರಂತೆ ಕಿಟಕಿಯ ಹೊರಗೆ ನೋಡಿದರು. ಆದರೆ ಅವತ್ತಿನಿಂದ ದಿನಾ ಬಂಗಾರಪೇಟೆ ಬಂದ ಕೂಡಲೇ ಅವರೇ ಮೊದಲು ಬಾಗಿಲ ಕಡೆ ಬಗ್ಗಿ ಕೇಳುತ್ತಿದ್ದರು: “ಏನಮ್ಮಾ, ನಿನ್ನೆ ಕರೆಂಟ್ ಆಯ್ತಾ? ಊಟ ಮಾಡಿದ್ಳಾ?” ಕರೆಂಟಿನ ಮಿಷನ್ ಕೆಟ್ಟು ಒಂದು ದಿನ ತಪ್ಪಿದಾಗ ಆಸ್ಪತ್ರೆಗೆ ಬೋಗಿಯ ಪರವಾಗಿ ದೂರು ಕೊಡಬೇಕು ಎಂದು ಹಾರಾಡಿದವರೂ ಅವರೇ.

ಹೀಗೆ ವಾರಗಳು ಕಳೆದವು. ಸಂಜೆ ಸಂಜೆ ಅಬ್ದು ಹಳೆಯದೊಂದನ್ನು ಹುಡುಕಿ ಹಾಕುವನು. ಜೈನಬ ಕೇಳುವಳು, ಉತ್ತರ ಹೇಳುವಳು, ಉಣ್ಣುವಳು, ಬೆಳಗ್ಗೆ ಎದ್ದು ಆಸ್ಪತ್ರೆಗೆ ನಡೆಯುವಳು. ಕರೆಂಟಿನಿಂದ ಒಳಗೆಲ್ಲ ಬೆಂದು, ಮೂತ್ರಕ್ಕೆ ಕೂತರೆ ಗೋಡೆ ಹಿಡಿದು ಕಿರುಚುವಷ್ಟು ಉರಿ ಇತ್ತು. ಆದರೂ ಒಂದು ದಿನವೂ ಸಾಕು ಎನ್ನಲಿಲ್ಲ. ಅಬ್ದು ಮಾತ್ರ ಸೊರಗಿದ. ಅಕ್ಕನಿಗೆ ಬಂದ ಕಾಯಿಲೆ ತಮ್ಮನಿಗೂ ಅಂಟಿತೇ ಎಂದು ಆದಿನಾರಾಯಣರೇ ಕೇಳುವಷ್ಟು. ಅವರಿಗೆ ವಿಷಯ ಗೊತ್ತಿರಲಿಲ್ಲ. ಗೊತ್ತಾದರೆ ಅದನ್ನು ಸ್ಟೇಟಸ್ ಹಾಕಿಕೊಳ್ಳುತ್ತಾರೆ ಎಂದು ಮುತ್ಯಾಲಮ್ಮ ಹೇಳಿರಲಿಲ್ಲ.

ಕೊನೆಯ ಕರೆಂಟ್ ಆಯಿತು. ಪರೀಕ್ಷೆ ಮಾಡಿದ ಡಾಕ್ಟರು ಗಡ್ಡೆ ಕರಗಿದೆ, ಊರಿಗೆ ಹೋಗಬಹುದು, ಆಮೇಲೆ ಒಮ್ಮೆ ಬಂದು ತೋರಿಸಬೇಕು ಎಂದರು. ದಾರಿಯಲ್ಲಿ, ಕೊನೆಯ ವಿಮಾನ ಇಳಿದ ಮೇಲೆ ಹೇಳುವುದೆಂದು ಅಬ್ದು ತೀರ್ಮಾನಿಸಿದ್ದ.

ಆದಿನಾರಾಯಣ ಬೀಳ್ಕೊಡುಗೆ ಇಟ್ಟರು. ಬರೆಯಲು ಅನುಕೂಲವಾಗಲಿ ಎಂದು ನನ್ನನ್ನೂ ಕರೆಸಿದರು. ಹೋದೆ. ಗೋಡೆಗೆ ಬಲೂನು, ಮೇಜಿನ ಮೇಲೆ ಕೇಕು, ಕೇಕಿನ ಮೇಲೆ ಕೊಮೊರೊಸ್ ಬಾವುಟ. ಅದು ಬೇರೆ ಯಾವುದೋ ದೇಶದ್ದೆಂದು ಅಬ್ದುವಿನ ಮುಖ ನೋಡಿದರೆ ತಿಳಿಯುತ್ತಿತ್ತು. ಅವನ ತಲೆಗೆ ಮೈಸೂರು ಪೇಟ ತೊಡಿಸಿದರು. ಜೈನಬಳಿಗೆ ಶಾಲು ಹೊದಿಸಿದರು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣ ಆಳು. ನಿಂತಲ್ಲಿ ನಿಲ್ಲಲು ಮುತ್ಯಾಲಮ್ಮನ ಭುಜ ಬೇಕಿತ್ತು.

ಆದಿನಾರಾಯಣ ನೈರೋಬಿ ಗಡಿಯಾರದ ಕೆಳಗೆ ಎಲ್ಲರನ್ನೂ ನಿಲ್ಲಿಸಿ ಒಂದು ಫೋನಿನಲ್ಲಿ ವಿಡಿಯೊ, ಇನ್ನೊಂದರಲ್ಲಿ ಆ್ಯಪ್ ಶುರು ಮಾಡಿದರು. ತಮ್ಮ ಸಂಸ್ಥೆಯ ಬಗ್ಗೆ ತಾವೇ ನಾಲ್ಕು ಮಾತು ಹೇಳಿಕೊಂಡರು. ಆಮೇಲೆ ಮುಖ ಅರಳಿಸಿ, “ಮೇಡಂ, ಇನ್ನೇನು ಮಗಳನ್ನ ನೋಡ್ತೀರಿ! ಮಗಳಿಗೆ ಒಂದ್ ಮೆಸೇಜ್ ಹೇಳಿ. ಈ ಕಡೆ ನೋಡ್ಕೊಂಡು,” ಎಂದರು. ಫೋನು ಅದನ್ನು ಫ್ರೆಂಚಿನಲ್ಲಿ ಹೇಳಿತು.

ಅಬ್ದು ಕೆಳಗೆ ನೋಡಿದ. ಮುತ್ಯಾಲಮ್ಮನ ಕೈ ಜೈನಬಳ ಬೆನ್ನ ಮೇಲಿತ್ತು, ಅದು ಅಲ್ಲೇ ನಿಂತಿತು.

ಜೈನಬ ಈ ಕಡೆ ನೋಡಿಕೊಂಡೇ ಹೇಳಿದಳು. ಫೋನಿನ ಹೆಂಗಸು ವಾರ್ತೆ ಓದಿದಳು:

“ನಾನು ಬರುವವರೆಗೆ ಅವಳ ಗೋರಿಯ ಮೇಲೆ ಕಲ್ಲು ಇಡಬೇಡಿ. ಮಣ್ಣನ್ನು ನಾನು ಮುಟ್ಟಬೇಕು.”

ಆದಿನಾರಾಯಣ ಫೋನನ್ನು ಅಲ್ಲಾಡಿಸಿದರು. “ಅಯ್ಯೋ, ಏನೋ ಮಿಸ್ಟೇಕು. ನೆಟ್‌ವರ್ಕು ಸಾರ್, ಈ ಬಿಲ್ಡಿಂಗಲ್ಲಿ ಒಂಚೂರು... ಮೇಡಂ, ಇನ್ನೊಂದ್ಸಲ ಹೇಳಿ. ಸ್ಮೈಲ್.”

ಅವಳು ಇನ್ನೊಂದು ಸಲ ಹೇಳಿದಳು. ಫೋನು ಅದನ್ನೇ ಓದಿತು, ಒಂದಕ್ಷರ ಹೆಚ್ಚು ಕಮ್ಮಿ ಇಲ್ಲದೆ.

ಅಬ್ದು ಪೇಟ ತೊಟ್ಟುಕೊಂಡೇ ಗೋಡೆಗೆ ಹಣೆ ಆನಿಸಿ ನಿಂತ. ಜೈನಬ ಅವನ ಹತ್ತಿರ ಹೋಗಿ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು, ಬೈಗುಳದ ಹಾಗಿರಲಿಲ್ಲ. ಅವನ ಜೇಬಿನಿಂದ ಫೋನನ್ನು ತಾನೇ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಹೊರಡುವ ಮುಂಚೆ ಮುತ್ಯಾಲಮ್ಮನ ಎರಡೂ ಕೈ ಹಿಡಿದು ತನ್ನ ಮುಖಕ್ಕೆ ಒತ್ತಿಕೊಂಡಳು. ಮುತ್ಯಾಲಮ್ಮನ ಕೈಯಲ್ಲಿ ಹಿಟ್ಟಿತ್ತು, ಅದು ಅವಳ ಕೆನ್ನೆಗೆ ಹತ್ತಿತು. ಕಾರು ಹೊರಟ ಮೇಲೂ ಆ ಹಿಟ್ಟು ಹಾಗೇ ಇತ್ತು.

ಅಬ್ದು ಸಾಮಾನು ಇಳಿಸುವಾಗ ಆದಿನಾರಾಯಣರ ಫೋನು ಪಡೆದು ಮುತ್ಯಾಲಮ್ಮನಿಗೆ ಹೇಳಿಸಿದ್ದ: “ಮೇಕೆಯನ್ನು ಹಬ್ಬದಲ್ಲಿ ಕಡಿಯಲಾಗಿತ್ತು. ಮೊದಲ ಸಂಜೆಯೇ ತಿಳಿಯಿತೆಂದು ಸಹೋದರಿ ತಿಳಿಸಿದ್ದಾರೆ.” ಬಕ್ರೀದಿನ ವಾರ ಮಗು ಅತ್ತದ್ದು ಅದಕ್ಕೆ. ಹಬ್ಬದಲ್ಲೇ ಹೋದ ಮೇಕೆಯನ್ನು ಮುತ್ಯಾಲಮ್ಮ ತಾವಾಗಿ ಆರಿಸಿ ಮತ್ತೆ ಅರಚಿಸಿದ್ದರು. ಜೈನಬ ಹಿಂದೆ ಹೆಚ್ಚು ನಕ್ಕದ್ದು ಆ ಮೇಕೆಯ ಮಾತಿಗೇ ಎಂದು.

ಆದಿನಾರಾಯಣ ಆ ವಿಡಿಯೊವನ್ನು ಗೋರಿಯ ಮಾತಿಗೆ ಮುಂಚೆಯೇ ಕತ್ತರಿಸಿ, ಹಿಂದೆ ಕೊಳಲು ಹಾಕಿ ಎಲ್ಲರಿಗೂ ಕಳಿಸಿದರು. ನನಗೂ ಬಂತು.

ಅವತ್ತು ಸಂಜೆಯ ರೈಲಿನಲ್ಲಿ ಜನ ಕಡಿಮೆ. ಮುತ್ಯಾಲಮ್ಮನಿಗೆ ಸೀಟು ಸಿಕ್ಕಿತ್ತು. ಕುಪ್ಪುಸ್ವಾಮಿ ಎದ್ದು ತಮ್ಮ ಕಿಟಕಿಯ ಜಾಗವನ್ನೇ ಬಿಟ್ಟುಕೊಟ್ಟಿದ್ದರು. ಅವರ ಅಧಿಕಾರಾವಧಿಯಲ್ಲಿ ಅದು ಮೊದಲು. ಆಕೆ ಹೊರಗೆ ನೋಡುತ್ತ ಉಗುರಿನ ಸಂದಿನ ಹಿಟ್ಟು ಕೀಳುತ್ತಿದ್ದರು. ಮಾಲೂರು ಹೋಯಿತು, ಟೇಕಲ್ ಹೋಯಿತು. ಮಾತಾಡದೆ ಕೂರುವುದು ಬರೆಯುವವರಿಗೆ ಕಷ್ಟ. ಏನಾದರೊಂದು ಕೇಳಬೇಕಲ್ಲ ಎಂದು ನಾನು ಕೇಳಿದೆ.

“ಅಲ್ಲಮ್ಮ, ಇಷ್ಟು ದಿನ ನಿಮ್ಮ ಹಸುವಿಗಾದರೂ ಅದು ಹುಲ್ಲು ಅಂತ ಗೊತ್ತಾಗಲೇ ಇಲ್ಲವಾ?”

ಮುತ್ಯಾಲಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದರು.

“ಗೊತ್ತಾಗ್ದೆ ಏನ್ ಸಾ? ಮೊನ್ನೆ ಅದರ ಒಟ್ಟೆ ಕಿತ್ತು ಉಲ್ಲು ತಿಂತಾ ನಿಂತಿತ್ತು. ತಿಂದ್ಕಂಡೇ ಆಲು ಬುಡ್ತು. ಬುಡ್ದೆ ಇಟ್ಕಂಡ್ರೆ ಕೆಚ್ಲು ಬಾಯ್ತದೆ ಸಾ, ಸಾಯೋದು ಅದೇ ತಾನೆ.”